ಕೂರಿಗೆಯ ಸಾಲು

ಕೊಂಡಜ್ಜಿ ಊರ ಸುತ್ತಿನ ಬೆದ್ದಲಿನಲ್ಲಿ ಈಗ ಮೆಕ್ಕೆಜೋಳದ್ದೇ ದರ್ಬಾರು. ಅಲ್ಲಿ ಹಿಂದೆ ಜೋಳ ಬಿತ್ತುತ್ತಿದ್ದ ಕೂರಿಗೆ ನನ್ನ ಕಣ್ಣಿಗೆ ಇವತ್ತಿಗೂ ದೊಡ್ಡ ಯಂತ್ರವೇ. ಮೇಲೊಂದು ಮರದ ಬಟ್ಟಲು, ಅದರ ತೂತುಗಳಿಂದ ಇಳಿಯುವ ಬಿದಿರ ಕೊಳವೆಗಳು, ಕೆಳಗೆ ನೆಲ ಸೀಳುವ ತಾಳು. ಎತ್ತು ನಡೆದಂತೆ ಹೆಣ್ಣುಮಗಳು ಮುಷ್ಟಿ ಸಡಿಲಿಸಿ ಬಟ್ಟಲಿಗೆ ಕಾಳು ಬಿಡಬೇಕು. ಎಲ್ಲವೂ ಆ ಬೆರಳುಗಳ ಹದ: ಜಾಸ್ತಿ ಬಿಟ್ಟರೆ ಪೈರು ಒತ್ತಾಗಿ ಸೊರಗುತ್ತದೆ, ಕೈ ತಡೆದರೆ ಸಾಲು ಬೋಳು. ಹಗ್ಗ ಕಟ್ಟಿ ಹಿಂದೆ ಎಳೆಯುವ ಒಂಟಿ ಕೊಳವೆಯಲ್ಲಿ ಅಕ್ಕಡಿ ಬೆಳೆಯ ತೊಗರಿ. ಸಾಲು ನೇರವಿದ್ದರೆ ತಾನೆ ಮುಂದೆ ಕಳೆ ತೆಗೆಯಲು ಎಡೆಕುಂಟೆ ಹೊಡೆಯುವುದು! ಬಿತ್ತನೆ ಯಂತ್ರವೆಂದರೆ ಪಠ್ಯಪುಸ್ತಕಗಳು ಇಂಗ್ಲೆಂಡಿನ ಜೆಥ್ರೊ ಟಲ್‌ನನ್ನೇ ನೆನೆಯುತ್ತವೆ. ಆದರೆ 1790ರ ದಶಕದಲ್ಲಿ ದಕ್ಷಿಣ ಭಾರತದ ಕೂರಿಗೆ ಕಂಡು ಬೆರಗಾದ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಅದರ ವಿವರವನ್ನು ಅದೇ ಇಂಗ್ಲೆಂಡಿಗೆ ಬರೆದು ಕಳಿಸಿದ್ದ.