ಮೂಡಕ್ಕೆ ಮುಖ ಮಾಡಿ

ಕಾಪುವಿನ ದೀಪಸ್ತಂಭ ಹತ್ತಿದವರೆಲ್ಲ ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ತಪ್ಪೇನಿಲ್ಲ, 1901ರಲ್ಲಿ ಅದನ್ನು ಕಟ್ಟಿದ್ದೇ ಕಡಲಿಗಾಗಿ. ನಾನು ಮಾತ್ರ ಅಲ್ಲಿ ಮೂಡಕ್ಕೆ ತಿರುಗುತ್ತೇನೆ. ತೆಂಗಿನ ತಲೆಗಳ ಆಚೆ ನೆಲ ಮೆಲ್ಲನೆ ಏರುತ್ತಾ ಘಟ್ಟದ ನೀಲಿಗೆ ಸೇರುತ್ತದೆ. ನೋಡಬೇಕಾದ ಊರು ಆ ಕಡೆ ಇದೆ.

ಉಡುಪಿಗೆ ಬಂದವರು ಉದ್ದಕ್ಕೆ ಓಡುತ್ತಾರೆ. ಹೆದ್ದಾರಿ 66 ಹಿಡಿದು ಕಾಪು, ಮಲ್ಪೆ, ಕೃಷ್ಣಮಠ, ಕೊನೆಗೊಂದು ಗಡ್‌ಬಡ್ ಐಸ್‌ಕ್ರೀಂ. ದಾರಿಯಲ್ಲಿ ಯಾವ ಹೊಳೆ ದಾಟಿದಿರಿ ಎಂದು ಕೇಳಿದರೆ ತಬ್ಬಿಬ್ಬು. ಈ ಸೀಮೆಯನ್ನು ಅಡ್ಡಕ್ಕೆ ನೋಡಬೇಕು, ಹೊಳೆ ಇಳಿದು ಬಂದ ದಿಕ್ಕಿಗೆ ಎದುರಾಗಿ ಹೋಗಬೇಕು. ನನ್ನ ಆಯ್ಕೆ ಕಟಪಾಡಿಯಿಂದ ಶಂಕರಪುರ, ಶಿರ್ವ, ಬೆಳ್ಮಣ್ ಮೇಲೆ ಕಾರ್ಕಳ ಸೇರುವ ರಸ್ತೆ. ಕಾರಿಗಿಂತ ಸರ್ವಿಸ್ ಬಸ್ಸು ಮೇಲು. ಅದು ಎಲ್ಲೆಂದರಲ್ಲಿ ನಿಲ್ಲುತ್ತದೆ, ಕಿಟಕಿಯೂ ಎತ್ತರ.

ಹೊರಡುವ ಮುನ್ನ ಮೂರು ಪದ ಕಲಿತುಕೊಳ್ಳಿ. ಬೈಲು, ಮಜಲು, ಬೆಟ್ಟು. ನೀರು ನಿಲ್ಲುವ ತಗ್ಗಿನ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ನಡುವಿನ ಮಜಲಿನಲ್ಲಿ ಎರಡು. ಮಳೆಯನ್ನೇ ನಂಬಿದ ಮೇಲಿನ ಬೆಟ್ಟಿನಲ್ಲಿ ಒಂದೇ. ಆದ್ದರಿಂದ ಊರಿನ ಹೆಸರು ಬೆಟ್ಟು ಎಂದು ಮುಗಿದರೆ ಅಲ್ಲಿ ಬೆಟ್ಟ ಹುಡುಕಬೇಡಿ, ಗದ್ದೆಯ ಎತ್ತರ ನೋಡಿ.

ಮೊದಲು ಕಟಪಾಡಿಯಿಂದ ಪಡುವಕ್ಕೆ ಸ್ವಲ್ಪ ಹಿಂದೆ ಸರಿದು ಮಟ್ಟು ನೋಡಿಕೊಂಡು ಬನ್ನಿ. ಒಂದು ಮಗ್ಗುಲಿಗೆ ಹೊಳೆ, ಇನ್ನೊಂದಕ್ಕೆ ಕಡಲು, ನಡುವೆ ಗದ್ದೆ. ಏಣೆಲು ಕೊಯ್ದ ಮೇಲೆ ಆ ಗದ್ದೆಯಲ್ಲೇ ಗುಳ್ಳ ಬದನೆಯ ಸಸಿ. ಸೋದೆಯ ವಾದಿರಾಜರು ಬೀಜ ಕೊಟ್ಟರೆಂಬುದು ಊರಿನ ನಂಬಿಕೆ. 2011ರಲ್ಲಿ ಸಿಕ್ಕಿದ ಭೌಗೋಳಿಕ ಸೂಚಕ ಸರ್ಕಾರದ ಮುದ್ರೆ. ಎರಡಕ್ಕಿಂತ ನನಗೆ ನಂಬಿಕೆ ಹುಳಿಯ ಪಾತ್ರೆಯ ಮೇಲೆ. ತೆಳು ಸಿಪ್ಪೆಯ ತಿಳಿಹಸಿರು ಗುಳ್ಳ ಬೆಂದರೆ ಬೆಣ್ಣೆಯ ಹಾಗೆ ಕರಗುತ್ತದೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ಇದೇ ಹೆಸರಿಗೆ ದುಪ್ಪಟ್ಟು ಕೊಟ್ಟು ತಂದದ್ದು ಅರ್ಧ ಗಂಟೆ ಕುದಿದರೂ ಒಂದು ಚೂರೂ ಮೆತ್ತಗಾಗಲಿಲ್ಲ. ಮನೆಯಲ್ಲಿ ಆ ದಿನ ನನ್ನ ರಸಜ್ಞತೆಗೆ ಸಿಕ್ಕ ಗೌರವವನ್ನು ಬರೆಯುವಂತಿಲ್ಲ.

ಮತ್ತೆ ಕಟಪಾಡಿಗೆ ಬಂದು ಮೂಡಕ್ಕೆ ಬಸ್ಸು ಹತ್ತಿದರೆ ಶಂಕರಪುರ. ಇಲ್ಲಿಗೆ ಬೆಳಿಗ್ಗೆಯೇ ಬರಬೇಕು. ಮನೆಯಂಗಳದ ಗಿಡದಿಂದ ಬಿಡಿಸಿದ ಮಲ್ಲಿಗೆ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ, ದಿನದ ದರಕ್ಕೆ ಹೂವಿನ ಕಟ್ಟೆಗೆ ಕೊಡುವ ವ್ಯವಹಾರ ಮಧ್ಯಾಹ್ನದ ಹೊತ್ತಿಗೆ ಮುಗಿದಿರುತ್ತದೆ. ಲೆಕ್ಕ ಮೊಳದಲ್ಲಲ್ಲ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆಗೆ 3200 ಮೊಗ್ಗು. ಅಷ್ಟನ್ನೂ ಒಂದೊಂದಾಗಿ ಬಿಡಿಸಿದ, ಕಟ್ಟಿದ ಬೆರಳುಗಳನ್ನು ನೆನೆದರೆ ಚೌಕಾಸಿಗೆ ನಾಲಿಗೆ ಏಳುವುದಿಲ್ಲ. ಮದುವೆಯ ಕಾಲದಲ್ಲಿ ದರ ಏರುವುದು, ಆಟಿ ತಿಂಗಳಲ್ಲಿ ಇಳಿಯುವುದು ಇಲ್ಲಿನ ಮನೆಗಳ ಪಂಚಾಂಗ. ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು 1911ರಲ್ಲಿ ಹುಟ್ಟಿದ ಕಟ್ಟಿಂಗೇರಿ ಇಲ್ಲೇ ಒಳಗಿದೆ. ಅವರ ಗೆರೆಯ ಬಳುಕು ಗದ್ದೆಯ ಹುಣಿಯಿಂದ ಬಂದದ್ದೇ ಎಂದು ನನಗೊಂದು ಗುಮಾನಿ, ಸಾಕ್ಷಿ ಇಲ್ಲ.

ಶಿರ್ವ ದಾಟಿದ ಮೇಲೆ ತೆಂಗು ಹಿಂದೆ ಸರಿದು ಅಡಿಕೆ, ಗೇರು, ರಬ್ಬರು. ಬೆಳ್ಮಣ್ ಕಳೆದ ಮೇಲೆ ಕಪ್ಪು ಬಂಡೆ. ತುಳುವಿನಲ್ಲಿ ಕಾರ್ಲ ಎನ್ನುವ ಕಾರ್ಕಳದಲ್ಲಿ ಬಂಡೆಯೇ ದೊಡ್ಡ ಬೆಳೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಗೊಮ್ಮಟ ಸುಮಾರು 42 ಅಡಿ. ಎಲ್ಲರೂ ಅಲ್ಲಿಗೆ ಹತ್ತುತ್ತಾರೆ, ನೀವೂ ಹತ್ತಿ. ಆದರೆ ಹೆಚ್ಚು ಹೊತ್ತನ್ನು ಎದುರಿನ ಚತುರ್ಮುಖ ಬಸದಿಗೆ ಇಟ್ಟುಕೊಳ್ಳಿ. ಇಮ್ಮಡಿ ಭೈರರಸ 1586ರಲ್ಲಿ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು, ಒಳಗೆ ನಾಲ್ಕೂ ಕಡೆಗೆ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು. ಯಾವ ಬಾಗಿಲಿಂದ ಬಂದವನಿಗೂ ಅದೇ ದರ್ಶನ. ಅದರ ಜಗುಲಿಯಲ್ಲಿ ಕುಳಿತರೆ ಮೇಲೆ ಗೊಮ್ಮಟನೂ ಕಾಣುತ್ತಾನೆ. ಮಧ್ಯಾಹ್ನದ ಮೇಲೆ ಹೆಚ್ಚು ಜನ ಇರುವುದಿಲ್ಲ.

ಮಣಿಪಾಲವನ್ನು ಬಿಟ್ಟಿರಲ್ಲ ಎನ್ನುವವರಿಗೆ: ಎಂಡ್ ಪಾಯಿಂಟ್‌ನ ಅಂಚಿಗೆ ಹೋಗಿ ಕೆಳಗೆ ನೋಡಿ. ಅಲ್ಲಿ ಹರಿಯುವ ಸ್ವರ್ಣೆ ಬಂದದ್ದೂ ಕಾರ್ಕಳದ ಘಟ್ಟದ ಕಡೆಯಿಂದಲೇ. ಬಜೆಯಲ್ಲಿ ಅದನ್ನು ತಡೆದು ಉಡುಪಿ, ಮಣಿಪಾಲಗಳಿಗೆ ಕುಡಿಸುತ್ತಾರೆ. ಹೋಟೆಲಿನಲ್ಲಿ ನಿಮ್ಮ ಮುಂದಿಟ್ಟ ಲೋಟದಲ್ಲೂ ಅದೇ ಇರಬಹುದು.

ಹೋಗುವುದಾದರೆ ಜನವರಿ, ಫೆಬ್ರವರಿಯಲ್ಲಿ ಹೋಗಿ. ಗುಳ್ಳ ಆಗ ಕೊಯ್ಲಿಗೆ ಬಂದಿರುತ್ತದೆ. ಹೆಚ್ಚಿದ ಕೂಡಲೇ ನೀರಿಗೆ ಹಾಕಿ, ಇಲ್ಲವಾದರೆ ಕಪ್ಪಾಗುತ್ತದೆ. ತೊಟ್ಟಿನಲ್ಲಿ ಮುಳ್ಳಿದೆ, ಬೆರಳು ಜೋಪಾನ.