ಕವಣಿ ಹಿಡಿದವರು ಓದಿದ ‘ಕರ್ವಾಲೊ’

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಮೊದಲು ಅಚ್ಚಾದದ್ದು 1980ರಲ್ಲಿ. ಅದರ ಮೇಲೆ ದೊಡ್ಡ ದೊಡ್ಡ ಓದಿದವರು ಬರೆದಿದ್ದಾರೆ. ನಾನು ಹೇಳಬೇಕಾದದ್ದು ಬೇರೆ. ಈ ಪುಸ್ತಕವನ್ನ ನಾವು ನಾಲ್ಕು ಮಂದಿ ದೋಸ್ತರು ಹೋದ ವರ್ಷ ಮಾಘ ಮಾಸದಾಗ ಜೋಳದ ಹೊಲದ ಮಂಚಿಗಿ ಮೇಲೆ ಕುಂತು ಓದಿದೆವು. ಓದಿದವ ನಾನು. ಕೇಳಿದವರು ಮೂವರು. ಒಬ್ಬ ಕುರಿ ಕಾಯುವವ, ನಮಗೆಲ್ಲ ಹಿರಿಯ, ಅವನಿಗೆ ಅಣ್ಣ ಅಂತೇವೆ. ಇನ್ನೊಬ್ಬ ಟೇಲರ್ ಭಾಯಿ. ಮತ್ತೊಬ್ಬರು ಪಿಂಚಣಿ ಆದ ಮಾಸ್ತರರು. ಪುಸ್ತಕ ಸಣ್ಣದು, ಆದರೂ ಮುಗಿಯಲು ಹದಿನೆಂಟು ದಿನ ಹಿಡಿಯಿತು. ನಡುವೆ ಜಗಳ ಬಹಳ ಆದವು. ಆ ಜಗಳದ ಲೆಕ್ಕ ಇಲ್ಲಿ ಒಪ್ಪಿಸುತ್ತೇನೆ.

ಮಾಸ್ತರರು ಇರುವಾಗ ನಾನ್ಯಾಕೆ ಓದಿದೆ ಅಂತ ನೀವು ಕೇಳಬಹುದು. ಮಾಸ್ತರರು ಓದಿದ್ದು ತೆಲುಗು, ಭಾಯಿ ಓದಿದ್ದು ಉರ್ದು, ಅಣ್ಣ ಸಾಲಿ ಮೆಟ್ಟಿಲು ಹತ್ತಿದವನಲ್ಲ. 1956ರ ನವೆಂಬರ್ 1ಕ್ಕೆ ಬೀದರ ಜಿಲ್ಲೆಯೊಳಗಿದ್ದ ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ ಹೋದವು. ಕಲಬುರಗಿ ಜಿಲ್ಲೆಯ ತಾಂಡೂರೂ ಹೋಯಿತು. ಹಂಗಾಗಿ ನಮ್ಮ ಕಡೆ ಮನಿ ಮಾತು ಕನ್ನಡ, ಸಾಲಿ ಮಾತು ಮತ್ತೊಂದು. ನಾಲ್ವರಾಗ ಕನ್ನಡ ಅಕ್ಷರ ಬರುವವ ನಾನೊಬ್ಬನೇ.

ನಮ್ಮ ದಿನಚರಿಯನ್ನೂ ಹೇಳಬೇಕು, ಯಾಕಂದರೆ ಪುಸ್ತಕ ಅದರ ನಡುವೆನೇ ಓದಿದ್ದು. ಎಳ್ಳಮಾಸಿ, ಸಂಕ್ರಾಂತಿ ಮುಗಿದು ಶಿವರಾತ್ರಿ ಇನ್ನೂ ದೂರ ಇರುತ್ತದೆ. ತೊಗರಿ ರಾಶಿ ಆಗಿರುತ್ತದೆ. ಹಿಂಗಾರಿ ಬಿಳಿಜೋಳ ಹಾಲುಗಾಳು ಕಟ್ಟಿ ನಿಂತಿರುತ್ತದೆ. ಹೊತ್ತು ಮೂಡುವ ಮೊದಲೇ ಕೌದಿ ಹೊದ್ದುಕೊಂಡು ಹೊಲಕ್ಕೆ ಹೋಗಬೇಕು. ತೊಗರಿ ಕಟ್ಟಿಗಿ ಹಚ್ಚಿ ಕೈ ಕಾಸಿಕೊಳ್ಳಬೇಕು. ಬಿಸಿಲು ಬಿದ್ದ ಕೂಡಲೇ ಹಕ್ಕಿ ಹಿಂಡು ಬರುತ್ತದೆ. ಮಂಚಿಗಿ ಹತ್ತಿ ಕವಣಿ ಬೀಸಬೇಕು, ಹೋ ಅಂತ ಕೂಗಬೇಕು. ಹತ್ತು ಗಂಟೆ ದಾಟಿದರೆ ಹಕ್ಕಿ ಬೇವಿನ ಗಿಡಕ್ಕೆ ಹೋಗಿ ಕೂಡುತ್ತವೆ. ನಾವು ಸೀತನಿ ಸುಟ್ಟು ಬೆಲ್ಲದ ಜೊತೆ ತಿನ್ನುತ್ತೇವೆ. ಆಮೇಲೆ ನಾಲ್ಕು ಗಂಟೆ ತನಕ ಕೆಲಸ ಇಲ್ಲ. ಆ ಹೊತ್ತಿನಾಗ ಓದು.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಮೂಡಿಗೆರೆ ಸೀಮೆಯ ಒಬ್ಬ ಕೃಷಿಕ ‘ನಾನು’ ಅಂತ ಕತೆ ಹೇಳುತ್ತಾನೆ. ಒಕ್ಕಲುತನದ ಕಿರಿಕಿರಿಗೆ ಬೇಸತ್ತು ಜಮೀನು ಮಾರಿ ಹೋಗಿಬಿಡಲೇನು ಅನ್ನುವ ಯೋಚನೆ ಅವನದು. ಜೇನಿನ ಕೆಲಸ ಬಲ್ಲ ಮಂದಣ್ಣ ಎಂಬವ ಅವನಿಗೆ ಪರಿಚಯ ಆಗುತ್ತಾನೆ. ಮಂದಣ್ಣನಿಗೆ ಒಂದು ನೌಕರಿ ಬೇಕು, ಮದುವೆ ಆಗಬೇಕು. ಕರ್ವಾಲೊ ಎಂಬ ವಿಜ್ಞಾನಿ ಈ ಮಂದಣ್ಣನನ್ನ ಬಹಳ ಹಚ್ಚಿಕೊಂಡಿದ್ದಾರೆ. ಯಾಕಂದರೆ ಹಾರುವ ಓತಿಯನ್ನ ಕಣ್ಣಾರೆ ಕಂಡವ ಅವನು. ಕಡೆಗೆ ಫೋಟೊ ತೆಗೆಯುವ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ ಸಹಿತ ಎಲ್ಲರೂ ಕೂಡಿ ಕಾಡಿಗೆ ಹೋಗುತ್ತಾರೆ. ಓತಿ ಕಾಣುತ್ತದೆ, ಕೈಗೆ ಸಿಗದೆ ಕಣಿವೆ ಮೇಲೆ ತೇಲಿ ಹೋಗುತ್ತದೆ.

ಈ ಪುಸ್ತಕದ ಮೊದಲನೇ ಗುಣ ಏನಂದರೆ, ನೋಡುವುದು ಕೆಲಸದ ನಡುವೆ ಬರುತ್ತದೆ ಅನ್ನುವುದನ್ನ ಅದು ತಿಳಿದಿದೆ. ಮಂದಣ್ಣ ಓತಿ ನೋಡಬೇಕಂತ ದುರ್ಬೀನು ಹಿಡಿದು ಹೋದವನಲ್ಲ. ಜೇನಿನ ಹಿಂದೆ ತಿರುಗುವವ, ತಿರುಗುತ್ತ ಕಂಡ. ನಮ್ಮ ಅಣ್ಣ ಹಂಗೇ. ಒಂದು ಉದಾಹರಣೆ ಕೊಡುತ್ತೇನೆ. ಮಳೆಗಾಲ ಮುಗಿಯುವಾಗ ಬಂದು ಯುಗಾದಿ ಸುಮಾರಿಗೆ ಹೋಗುವ ಒಂದು ಹಕ್ಕಿ ಇದೆ. ತಲೆ, ರೆಕ್ಕೆ ಕಪ್ಪು, ಮೈ ಗುಲಾಬಿ. ನಾವು ಜೋಳದ ಹಕ್ಕಿ ಅಂತೇವೆ, ಪುಸ್ತಕದಾಗ ಗುಲಾಬಿ ಕಬ್ಬಕ್ಕಿ ಅಂತಾರೆ. ಮಧ್ಯ ಏಷ್ಯಾ, ಪೂರ್ವ ಯುರೋಪಿನ ಬಯಲುಗಳಿಂದ ಸಾವಿರಾರು ಮೈಲಿ ಹಾರಿ ಬರುತ್ತದೆ. ನನಗೆ ಅದು ಬರೀ ವೈರಿ. ಹಿಂಡು ಇಳಿದರೆ ತೆನಿ ಬರಿದು. ಒಂದಿನ ಅಣ್ಣ ನನ್ನ ಕವಣಿ ಹಿಡಿದು ನಿಲ್ಲಿಸಿದ.

“ಅಲ್ಲಿ ಕುರಿ ಕಾಲಾಗ ನೋಡು, ಏನ್ ಹೆಕ್ಕಲತ್ತಾವ?”

ನೋಡಿದರೆ ಜೋಳ ಅಲ್ಲ, ಕುರಿ ಕಾಲಿಗೆ ಎದ್ದ ಮಿಡತಿ ಹಿಡಿಯುತ್ತಿದ್ದವು. ಆ ಹಕ್ಕಿ ಮರಿ ಮಾಡುವ ನಾಡಿನಾಗ ಅದರ ಮುಖ್ಯ ಊಟನೇ ಮಿಡತಿ. ಅಲ್ಲಿ ರೈತರಿಗೆ ಅದು ಬೇಕಾದ ನೆಂಟ. ನಲವತ್ತು ವರ್ಷ ಕವಣಿ ಬೀಸಿದ ನನಗೆ ಇದು ಗೊತ್ತಿರಲಿಲ್ಲ. ನಾನು ಜೋಳ ನೋಡುತ್ತಿದ್ದೆ, ಅಣ್ಣ ಹಕ್ಕಿ ನೋಡುತ್ತಿದ್ದ. ಕರ್ವಾಲೊ ಮಂದಣ್ಣನ ಹಿಂದೆ ಯಾಕೆ ಹೋದರು ಅನ್ನುವುದು ನನಗೆ ಅವತ್ತು ತಿಳಿಯಿತು. ಪುಸ್ತಕ ಓದಿದವನಿಗೆ ಹೆಸರು ಗೊತ್ತು. ಎಲ್ಲಿ, ಯಾವ ಹೊತ್ತಿಗೆ, ಯಾತಕ್ಕೆ ಅನ್ನುವುದು ಅಲ್ಲೇ ದಿನಾ ಕಳೆದವನಿಗೆ ಗೊತ್ತು.

ಈಗ ಜಗಳಕ್ಕೆ ಬರುತ್ತೇನೆ. ಮಂದಣ್ಣನ ಪ್ರಸಂಗ ಬಂದಾಗೆಲ್ಲ ಭಾಯಿ ಹೊಟ್ಟಿ ಹಿಡಿದು ನಗುತ್ತಿದ್ದ, ಮಾಸ್ತರರೂ ನಗುತ್ತಿದ್ದರು. ನಾನೂ ನಗುತ್ತಲೇ ಓದಿದೆ. ತೇಜಸ್ವಿಯವರು ನಗಿಸುವುದರಾಗ ಬಹಳ ಶಾಣ್ಯಾರು. ಅಣ್ಣ ಮಾತ್ರ ನಗಲಿಲ್ಲ. ಕಳ್ಳಭಟ್ಟಿ ಕೇಸಿನಲ್ಲಿ ಮಂದಣ್ಣ ಸಿಕ್ಕಿಬೀಳುವ ಭಾಗ ಓದಿದ ದಿನ ಅವನು ಕೇಳಿದ:

“ಎಲ್ಲಾರೂ ಮಂದಣ್ಣನ ಬಗ್ಗೆ ಹೇಳಲತ್ತಾರ. ಮಂದಣ್ಣ ತಾನೇನಂತಾನ?”

ಮಾಸ್ತರರು, “ಅವನೂ ಮಾತಾಡ್ತಾನಲ್ಲಪಾ” ಅಂದರು.

“ಮಾತಾಡ್ತಾನ, ಖರೆ. ಒಬ್ಬನೇ ಇದ್ದಾಗ ಆ ಓತಿ ನೋಡಿ ಅವನಿಗಿ ಹ್ಯಾಂಗ ಅನಿಸ್ತು? ಅದ್ನ ಯಾರೂ ಕೇಳಲಿಲ್ಲ.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನಿಗೆ ಹೋಗಿ ಪುಸ್ತಕ ಮತ್ತೆ ತಿರುವಿದೆ. ಅಣ್ಣನ ಮಾತಿನಾಗ ಅರ್ಧ ಸತ್ಯ ಇದೆ ಅನ್ನಿಸಿತು. ಕತೆ ಹೇಳುವವ ‘ನಾನು’. ಮಂದಣ್ಣನನ್ನ ನಾವು ನೋಡುವುದು ಆ ‘ನಾನು’ ನೋಡಿದಷ್ಟೇ. ಅವನಿಗೆ ಮಂದಣ್ಣ ಮೊದಲಿಗೆ ಒಬ್ಬ ಹುಂಬ. ಇಷ್ಟು ದೊಡ್ಡ ವಿಜ್ಞಾನಿ ಇಂಥವನಲ್ಲಿ ಏನು ಕಂಡರು ಅಂತ ಆಶ್ಚರ್ಯ ಪಡುವುದೇ ಅವನ ಕೆಲಸ. ಇನ್ನು ಪುಸ್ತಕದ ಹೆಸರು ನೋಡಿರಿ. ಓತಿ ಕಂಡವ ಮಂದಣ್ಣ, ಹೆಸರು ಕರ್ವಾಲೊದು. ಇದು ನಮ್ಮ ಊರಿನಾಗೂ ನಡೆಯುವ ಮಾತು. ಬಾವಿ ತೋಡಿದವನ ಹೆಸರು ಯಾರಿಗೂ ನೆನಪಿರುವುದಿಲ್ಲ, ತೋಡಿಸಿದವನ ಹೆಸರು ಕಲ್ಲಿನಾಗ ಇರುತ್ತದೆ.

ಉಳಿದ ಅರ್ಧ ಸತ್ಯ ತೇಜಸ್ವಿಯವರ ಪಾಲಿಗೆ ಕೊಡಬೇಕು. ಅವರು ಮಂದಣ್ಣನನ್ನ ಪೂಜೆ ಮಾಡಿ ಕೂಡಿಸಲಿಲ್ಲ. ಹಳ್ಳಿಯವ ಅಂದರೆ ದೇವರಂಥವ ಅಂತ ಬರೆಯುವವರು ಬಹಳ ಮಂದಿ ಇದ್ದಾರೆ, ಅದೂ ಒಂದು ನಮೂನಿ ಸುಳ್ಳೇ. ಮಂದಣ್ಣನಿಗೆ ಆಶೆ ಇದೆ, ಅಂಜಿಕೆ ಇದೆ, ಪೊಲೀಸರ ಕಾಟ ಇದೆ. ಆ ‘ನಾನು’ ಕೂಡ ಎಷ್ಟೋ ಕಡೆ ಮೂರ್ಖ ಆಗುತ್ತಾನೆ. ಮಂದಣ್ಣನನ್ನ ನೋಡಿ ನಕ್ಕ ಓದುಗ, ಕರ್ವಾಲೊ ಅವನ ಬೆಲೆ ಹೇಳಿದಾಗ ತನ್ನ ನಗುವಿಗೆ ತಾನೇ ನಾಚಬೇಕಾಗುತ್ತದೆ. ಭಾಯಿ ನಾಚಿದ, ನಾನು ಕಣ್ಣಾರೆ ನೋಡಿದೆ. ಅದಕ್ಕೇ ಈ ಪುಸ್ತಕ ಹೆಚ್ಚಿನದು ಅನ್ನುತ್ತೇನೆ. ಆದರೆ ಅಣ್ಣನ ಪ್ರಶ್ನೆ ಇನ್ನೂ ಉಳಿದೇ ಇದೆ.

ಎರಡನೇ ಜಗಳ ಕೊನೆಯ ಪುಟದ್ದು. ಓತಿ ಹಾರಿ ಹೋಯಿತು ಅಂತ ಓದಿದ ಕೂಡಲೇ ಭಾಯಿ ಸಿಟ್ಟಾದ.

“ಹದಿನೆಂಟು ದಿನ ಕುಂಡ್ರಿಸಿ, ಸಿಗಲೇ ಇಲ್ಲ ಅಂತಿ?”

ಅಣ್ಣ ಅಂದ, “ಸಿಕ್ಕಿದ್ರ ಬಾಟಲಿದಾಗ ಹಾಕ್ತಿದ್ರು. ಹೋಗಿದ್ದೇ ಛಲೋ ಆತು ಬಿಡು.”

ಮಾಸ್ತರರು ಇದಕ್ಕೆ ಒಂದು ಮಾತು ಸೇರಿಸಿದರು. ಹಾರುವ ಓತಿ ಖರೆ ಇದೆ, ಪಕ್ಕೆಲುಬು ಚಾಚಿ ನಡುವಿನ ಚರ್ಮ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ, ಘಟ್ಟದ ಕಡೆ ಅಡಿಕೆ ತೋಟದಾಗೂ ಕಾಣುತ್ತದೆ ಅಂತ. ಅಂದರೆ ಆ ಮಂದಿ ಅಷ್ಟು ಕಾಡು ಹೊಕ್ಕು ಹುಡುಕಿದ್ದು ಒಕ್ಕಲಿಗನ ತೋಟದಾಗೂ ಇರುವ ಜೀವ. ನನಗಂತೂ ಇದರಿಂದ ಕತೆ ಸಣ್ಣದಾಗಲಿಲ್ಲ, ದೊಡ್ಡದಾಯಿತು. ಜಮೀನು ಮಾರಿ ಹೋಗಬೇಕು ಅಂತಿದ್ದವನಿಗೆ ತನ್ನ ಸುತ್ತಲಿನ ನೆಲದಾಗ ಏನೇನಿದೆ ಅಂತ ತೋರಿಸಿದ್ದೇ ಆ ತಿರುಗಾಟ. ಓತಿ ಸಿಗಲಿಲ್ಲ, ದೋಸ್ತರು ಸಿಕ್ಕರು, ನೋಡುವ ಕಣ್ಣು ಸಿಕ್ಕಿತು.

ನಮ್ಮ ಕಡೆಗೂ ಈಗ ನೋಡುವವರು ಬರುತ್ತಾರೆ. 1978ರಲ್ಲಿ ಅಭಯಾರಣ್ಯ ಆದ ಮಂಜೀರಾ ನದಿಗೆ, ಸಿಂಗೂರು ಹಿನ್ನೀರಿಗೆ, ಚಳಿಗಾಲದಾಗ ಹೈದರಾಬಾದಿನಿಂದ ಕ್ಯಾಮೆರಾ ಹಿಡಿದ ಹುಡುಗರು ಬರುತ್ತಾರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು, ದಂಡಿ ಮೇಲೆ ಬಿದ್ದ ಮೊಸಳಿ ಅವರಿಗೆ ಬೇಕು. ತಾಂಡೂರಿನಿಂದ ಆಚೆ ಗಡಿ ದಾಟಿದರೆ ಚಿಂಚೋಳಿ ಕಾಡು, 2011ರಲ್ಲಿ ಅದೂ ಅಭಯಾರಣ್ಯ ಆಗಿದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದ ತುಂಬ ಜನ ತಮ್ಮ ಹಿತ್ತಲ ಹಕ್ಕಿ ಎಣಿಸಿ ಕಳಿಸುತ್ತಾರಂತೆ. ಎಲ್ಲಾ ಒಳ್ಳೆಯದೇ. ಆದರೆ ಆ ಎಣಿಕೆಯಾಗ ಕವಣಿ ಹಿಡಿದವರ ಎಣಿಕೆ ಸೇರುವುದಿಲ್ಲ. ಕಡಲಿ ಹೊಲಕ್ಕೆ ನಸುಕಿನಾಗ ಎಷ್ಟು ಚಿಗರಿ ಇಳಿಯುತ್ತಾವೆ, ಕರಿ ಗಂಡು ಯಾವ ಬದುವಿನ ಮೇಲೆ ನಿಲ್ಲುತ್ತದೆ ಅಂತ ಅಣ್ಣನಿಗೆ ಕೇಳಿದವರು ಯಾರೂ ಇಲ್ಲ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ತೇಜಸ್ವಿಯವರ ಮೇಲೆ ಬೆರಳು ತೋರಿಸಿದವ ನಾನು, ಪದ ಹಾಡುವವ. ನಮ್ಮ ಪದಗಳಾಗ ಗಿಳಿ ಇದೆ, ನವಿಲು ಇದೆ, ಕೋಗಿಲಿ ಇದೆ. ಗಿಳಿ ಸುದ್ದಿ ಒಯ್ಯುತ್ತದೆ, ನವಿಲು ಮದುಮಗಳ ಸೀರಿ ಮೇಲೆ ಕೂಡುತ್ತದೆ. ಆದರೆ ಜೋಳದ ಹಕ್ಕಿಯ ಒಂದು ಪದ ನನಗೆ ಬರುವುದಿಲ್ಲ. ಹೊಲದ ಮೇಲೆ ತಗ್ಗಿನಾಗ ತೇಲುತ್ತ ಮಿಡತಿ ಹುಡುಕುವ ಸೆಳೆವ ಹದ್ದಿನ ಪದ ಇಲ್ಲ. ರಾತ್ರಿ ಕೂಗುವ ಟಿಟ್ಟಿಭದ ಪದ ಇಲ್ಲ. ದಿನಾ ನೋಡಿದ್ದನ್ನ ಬಿಟ್ಟು ಕೇಳಿದ್ದನ್ನೇ ಹಾಡಿದೆವು. ನಾನೇ ಕಟ್ಟಿದ ಸೀತನಿ ಪದ ಒಂದಿನ ಮಂಚಿಗಿ ಮೇಲೆ ಹಾಡಿದೆ. ಅದರಾಗ ಮಾಘದ ಮುಂಜಾನಿ ಕೋಗಿಲಿ ಕೂಗುತ್ತದೆ. ಅಣ್ಣ ಕೇಳಿ, “ಈಗ ಕೋಗಿಲಿ ಎಲ್ಲಿ ಕೂಗ್ತದೋ? ಮಾವು ಹೂ ಹಿಡದು ಬಿಸಿಲು ಏರಲಿ, ಆಮೇಲೆ ಬಾಯಿ ತೆಗೀತದ” ಅಂದ. ಇಪ್ಪತ್ತು ವರ್ಷ ಹಾಡಿದ ಪದ ಅದು. ಊರೂರು ಚಪ್ಪಾಳಿ ತಟ್ಟಿತ್ತು. ಮಂದಣ್ಣನ ಮಾತು ಕೇಳಲಿಲ್ಲ ಅಂತ ಬೇರೆಯವರ ಮೇಲೆ ತಕರಾರು ಮಾಡುವ ಮೊದಲು, ನನ್ನ ಪಕ್ಕದ ಮಂದಣ್ಣನ ಮಾತು ನಾನೆಷ್ಟು ಕೇಳಿದೆ?

ಕೇಳಲು ಹೊತ್ತು ಬಹಳ ಇಲ್ಲ. ಅಣ್ಣನ ಒಂದು ಕಣ್ಣಿಗೆ ಪೊರೆ ಬಂದು ವರ್ಷ ಆಯಿತು, ಇನ್ನೊಂದಕ್ಕೂ ಬರಲತ್ತದೆ. ಈಗ ಅವನು ಹಕ್ಕಿಯನ್ನ ದನಿ ಮೇಲೆ ಗುರುತು ಹಿಡಿಯುತ್ತಾನೆ. ನಮ್ಮ ಸುತ್ತ ಜೋಳ ಬಿತ್ತುವವರೂ ಕಡಿಮೆ. ಕಬ್ಬು, ಹತ್ತಿ, ಸೋಯಾ ಬಂದವು, ಆ ಹೊಲಗಳಿಗೆ ಮಂಚಿಗಿ ಬೇಕಾಗುವುದಿಲ್ಲ. ಮಂಚಿಗಿ ಇಲ್ಲದ ಮೇಲೆ ಇಡೀ ದಿನ ಮುಗಿಲು ನೋಡುತ್ತ ಕೂಡುವವ ಯಾರು? ನಮ್ಮ ಮೊಮ್ಮಕ್ಕಳಿಗೆ ಹಕ್ಕಿಯ ಹೆಸರು ಇಂಗ್ಲಿಷಿನಾಗ ಬರುತ್ತದೆ, ತೆಲುಗಿನಾಗ ಒಂದೆರಡು ಬರುತ್ತದೆ. ಮನಿ ಮಾತಿನ ಹೆಸರು ಅಣ್ಣನ ಬಾಯಾಗ ಮಾತ್ರ ಉಳಿದಿದೆ.

ಈ ಮಾಘದಾಗ ‘ಕರ್ವಾಲೊ’ ಮತ್ತೆ ಓದಲು ಹಿಡಿದಿದ್ದೇವೆ. ಈ ಸಲ ಓದುವ ರೀತಿ ಬೇರೆ. ಮಂದಣ್ಣ ಬಂದಲ್ಲಿ ನಿಲ್ಲಿಸುತ್ತೇನೆ, ಅಣ್ಣ ತನ್ನ ಮಾತು ಹೇಳುತ್ತಾನೆ, ವಾಚನಾಲಯದ ಒಂದು ನೂರು ಪುಟದ ವಹಿಯಲ್ಲಿ ನಾನು ಬರೆಯುತ್ತೇನೆ. ಯಾವ ಹಕ್ಕಿ, ಯಾವ ತಿಂಗಳು, ಯಾವ ಬೆಳೆಯಾಗ, ಏನು ತಿನ್ನುತ್ತದೆ. ಇಲ್ಲಿತನಕ ನಲವತ್ತೊಂದು ಹೆಸರು ಆಗಿವೆ. ಮಾಸ್ತರರು ಪಕ್ಕಕ್ಕೆ ತೆಲುಗು ಹೆಸರು ಬರೆಯುತ್ತಾರೆ, ಭಾಯಿ ಉರ್ದು ಹೆಸರು ಹೇಳುತ್ತಾನೆ. ಕೋಗಿಲಿಯನ್ನ ನನ್ನ ಸೀತನಿ ಪದದಿಂದ ತೆಗೆದಿದ್ದೇನೆ. ಅದರ ಜಾಗಕ್ಕೆ ಜೋಳದ ಹಕ್ಕಿ ಕೂಡಿಸಲು ನೋಡುತ್ತಿದ್ದೇನೆ, ಧಾಟಿಗೆ ಇನ್ನೂ ಕೂತಿಲ್ಲ.

ವಹಿಯ ಮೇಲೆ ಅಣ್ಣನ ಹೆಸರು ಬರೆಯಬೇಕು ಅಂತ ನಾನು ಹಟ ಹಿಡಿದೆ. ಪುಸ್ತಕಕ್ಕೆ ಕರ್ವಾಲೊ ಹೆಸರು ಯಾಕಿಟ್ಟರು ಅಂತ ಅಷ್ಟು ಜಗಳ ಮಾಡಿದ ಮೇಲೆ ಬಿಡುವುದು ಹ್ಯಾಂಗ? ಅಣ್ಣ ಒಪ್ಪಲಿಲ್ಲ. “ನನ್ನ ಹೆಸರು ಯಾಕೋ? ಮೊದಲು ಹಕ್ಕಿ ಹೆಸರು ತಪ್ಪಿಲ್ಲದಂಗ ಬರಿ” ಅಂದ. ಆ ಜಗಳ ಇನ್ನೂ ಮುಗಿದಿಲ್ಲ. ವಹಿಯ ಮೇಲಿನ ಗೆರೆ ಸದ್ಯಕ್ಕೆ ಖಾಲಿ ಇದೆ.