ಪುಟಕ್ಕಿಟ್ಟ ಚಿನ್ನವಲ್ಲ ರಮಾಬಾಯಿ

ಭಾನುವಾರದ ಪ್ರಸಂಗದಲ್ಲಿ ಪಂಡಿತಾ ರಮಾಬಾಯಿಯವರ ಕತೆ ಶುರುವಾದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಕೂತವರಿಗೆಲ್ಲ ಗೊತ್ತು. ಬರಗಾಲ, ಹೆತ್ತವರ ಸಾವು, ಗಂಡನ ಸಾವು. ಆ ಕತ್ತಲೆಯಲ್ಲಿ ಕ್ರಿಸ್ತ ಸಿಕ್ಕ, ಬಲ ಬಂತು, ಬದುಕಿಗೊಂದು ಗುರಿ ಕಂಡಿತು. ಚಿನ್ನವನ್ನು ಪುಟಕ್ಕಿಟ್ಟಂತೆ ದೇವರು ಆಕೆಯನ್ನು ಕಷ್ಟಕ್ಕಿಟ್ಟ! ಆಕೆಯ ಮತಾಂತರವನ್ನು ಸಹಿಸದವರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ, ದನಿ ಮಾತ್ರ ಬೇರೆ: ದಿಕ್ಕಿಲ್ಲದ ವಿಧವೆ, ಆಸರೆ ಕೊಟ್ಟವರ ಹಿಂದೆ ಹೋದಳು. ಪರಸ್ಪರ ಮುಖ ನೋಡದ ಎರಡು ಪಕ್ಷದವರು ಒಂದೇ ಕತೆಯನ್ನು ಒಪ್ಪಿಕೊಂಡಿದ್ದಾರೆಂದರೆ ನನಗೆ ಅನುಮಾನ. ಈ ಕತೆಗಂತೂ ಇಸವಿಗಳೇ ಅಡ್ಡ ನಿಲ್ಲುತ್ತವೆ.

1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಹುಡುಗಿ ಆಕೆ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದರು. ಆ ತಾಯಿ ಮಗಳಿಗೆ ಕಲಿಸಿದಳು. ಊರೂರು ಪುರಾಣ ಹೇಳುತ್ತ ತಿರುಗುತ್ತಿದ್ದ ಸಂಸಾರ 1870ರ ದಶಕದ ಬರಕ್ಕೆ ಸಿಕ್ಕಿತು. ಇದ್ದುದೆಲ್ಲ ದಾನಕ್ಕೆ, ವ್ರತಕ್ಕೆ ಕರಗಿತ್ತು. ಕೂಲಿಗೆ ಹೋಗಲು ಕುಲ ಅಡ್ಡ ಬಂತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ತಾಯಿಯ ಚಟ್ಟಕ್ಕೆ ಹೆಗಲು ಕೊಡುವವರು ಸಾಲದೆ ಮಗಳೇ ನಾಲ್ಕನೆಯವಳಾದಳು. ಕುಳ್ಳಗಿದ್ದುದರಿಂದ ಅದನ್ನು ತಲೆಯ ಮೇಲೆ ಹೊರಬೇಕಾಯಿತು. ಇಂಥ ಸಂಕಟ ಭಕ್ತಿಯನ್ನು ಬೆಳೆಸಬೇಕಿತ್ತಲ್ಲವೇ? ಇದ್ದ ನಂಬಿಕೆಯೂ ಅಲ್ಲಿಂದಾಚೆಗೆ ಕಳಚುತ್ತ ಹೋಯಿತು.

ಹಾಗಾದರೆ ಯೇಸುವಿನ ಕಡೆ ಮನಸ್ಸು ಹೊರಳಿದ್ದು ಯಾವಾಗ? ಅಸ್ಸಾಮಿನ ಸಿಲ್ಚಾರಿನಲ್ಲಿ, ವಕೀಲ ಬಿಪಿನ್ ಬಿಹಾರಿಯವರ ಕೈಹಿಡಿದು ನೆಮ್ಮದಿಯಾಗಿದ್ದ ಕಾಲದಲ್ಲಿ. ಮನೆಯ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತ್ತು. ಹೆಂಡತಿಯ ಈ ಆಸಕ್ತಿ ಗಂಡನಿಗೆ ಹಿಡಿಸಲಿಲ್ಲ. 1882ರಲ್ಲಿ ಆತ ಕಾಲರಾದಿಂದ ತೀರಿಕೊಂಡಾಗ, ಕಂಕುಳಲ್ಲಿ ಎಳೆಗೂಸು ಮನೋರಮಾ ಇದ್ದ ಈ ವಿಧವೆ ಹುಡುಕಿಕೊಂಡು ಹೋದದ್ದು ಚರ್ಚನ್ನಲ್ಲ, ಪುಣೆಯನ್ನು. ಅದೇ ವರ್ಷ ಆರ್ಯ ಮಹಿಳಾ ಸಮಾಜ ಕಟ್ಟಿದರು. ಹೆಂಗಸರಿಗೆ ಹೆಣ್ಣು ವೈದ್ಯರು ಬೇಕೆಂದು ಸರ್ಕಾರದ ಶಿಕ್ಷಣ ಆಯೋಗವಾದ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದರು. ಗುರಿ ಆಗಲೇ ಇತ್ತು. ದೀಕ್ಷಾಸ್ನಾನ ನಡೆದದ್ದು ಮರುವರ್ಷ, ಇಂಗ್ಲೆಂಡಿನ ವಾಂಟೇಜ್‌ನಲ್ಲಿ.

ಅಲ್ಲಿಯೂ ಆಕೆಯನ್ನು ಅಲುಗಾಡಿಸಿದ್ದು ತನ್ನ ದುಃಖಕ್ಕೆ ಸಿಕ್ಕ ಸಾಂತ್ವನವಲ್ಲ. ಫುಲ್ಹಾಮ್‌ನ ಆಶ್ರಯಧಾಮದಲ್ಲಿ, ಸಮಾಜ ದಾರಿ ತಪ್ಪಿದವರೆಂದು ದೂರವಿಟ್ಟ ಹೆಂಗಸರನ್ನು ಸನ್ಯಾಸಿನಿಯರು ಆರೈಕೆ ಮಾಡುತ್ತಿದ್ದರು. ಇದನ್ನೆಲ್ಲ ಯಾಕೆ ಮಾಡುತ್ತೀರಿ ಎಂಬ ಪ್ರಶ್ನೆಗೆ ಉತ್ತರವಾಗಿ ಸಿಕ್ಕಿದ್ದು ಬಾವಿಕಟ್ಟೆಯಲ್ಲಿ ಯೇಸು ಮಾತಾಡಿಸಿದ ಸಮಾರ್ಯದ ಹೆಂಗಸಿನ ಕತೆ. ತನಗಾದ ಗಾಯಕ್ಕಿಂತ ಇನ್ನೊಬ್ಬರ ಗಾಯಕ್ಕೆ ಯಾರೋ ಪಟ್ಟಿ ಕಟ್ಟುವುದನ್ನು ಕಂಡು ನಂಬಿದವರು ಇವರು. ನಮ್ಮ ಪ್ರಸಂಗಿಗಳು ಈ ವ್ಯತ್ಯಾಸದ ಹತ್ತಿರ ನಿಲ್ಲುವುದೇ ಇಲ್ಲ.

ದೀಕ್ಷೆಯಾದ ಮೇಲಾದರೂ ಶಾಂತಿ ಸಿಕ್ಕಿತೇ? ಸಿಕ್ಕಿದ್ದು ಜಗಳ. ತ್ರಿಯೇಕ ದೇವರ ಸಿದ್ಧಾಂತ ಗಂಟಲಲ್ಲಿ ಇಳಿಯಲಿಲ್ಲ. ಲ್ಯಾಟಿನ್ ಅಕ್ಷರಗಳ ಶಿಲುಬೆ ತನಗೇಕೆ, ಸಂಸ್ಕೃತ ದೇವರಿಗೆ ಅರ್ಥವಾಗದೇ ಎಂಬ ತಕರಾರು. ಮಾಂಸ ಮುಟ್ಟಲಿಲ್ಲ. ತನ್ನನ್ನು ತಿದ್ದಲು ಹೊರಟ ವಾಂಟೇಜ್‌ನ ಸನ್ಯಾಸಿನಿ ಸಿಸ್ಟರ್ ಜೆರಾಲ್ಡೀನ್‌ಗೆ, ಒಂದು ನೊಗ ಕಳಚಿದ್ದು ಇನ್ನೊಂದಕ್ಕೆ ಕತ್ತು ಕೊಡಲು ಅಲ್ಲ ಎಂಬರ್ಥದಲ್ಲಿ ಉತ್ತರಿಸಿದರು. ತನಗೆ ಮೊದಲು ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತ ಸಿಕ್ಕಿದ್ದು ವರ್ಷಗಳ ನಂತರ ಎಂದು ಮುಂದೆ ತಾವೇ ಒಪ್ಪಿಕೊಂಡರು. (ಮುಂದೆ ಆಕೆ ಕಟ್ಟಿದ ಕೆಡಗಾಂವಿನ ಮುಕ್ತಿ ಸದನದಲ್ಲಿ 1905ರಲ್ಲಿ ಎದ್ದ ಭಾವಾವೇಶದ ಪ್ರಾರ್ಥನೆಗಳು ನನಗೆ ಒಗ್ಗುವುದಿಲ್ಲ. ಆ ರಮಾಬಾಯಿಗಿಂತ ಜಗಳಗಂಟಿ ರಮಾಬಾಯಿಯೇ ನನಗೆ ಹತ್ತಿರ.)

1896–97ರ ಬರದಲ್ಲಿ ಆಕೆ ಮಧ್ಯಪ್ರಾಂತಕ್ಕೆ ಹೋಗಿ ಹಸಿದ ಹುಡುಗಿಯರನ್ನು ಕರೆತಂದರು. ಇದಕ್ಕೇ ದೇವರು ಆಕೆಯನ್ನು ಮೊದಲೇ ಹಸಿವಿಗೆ ಕೆಡವಿದ್ದು ಎನ್ನುವವರಿದ್ದಾರೆ. ಹಸಿದ ಕಣ್ಣಿನ ಗುರುತು ಆಕೆಗೆ ಇತ್ತು, ನಿಜ. ಆದರೆ 1870ರ ದಶಕದ ಆ ಮೊದಲ ಬರದಲ್ಲಿ ಸತ್ತ ಅಕ್ಕ ಕೃಷ್ಣಾಬಾಯಿ ಯಾವ ಪುಟದ ಚಿನ್ನ? ಬದುಕಿ ಉಳಿದವರನ್ನು ಮಾತ್ರ ಎಣಿಸಿದರೆ ಕಷ್ಟ ಒಳ್ಳೆಯ ಮೇಷ್ಟ್ರಂತೆ ಕಾಣುತ್ತದೆ. ಸತ್ತವರನ್ನೂ ಲೆಕ್ಕಕ್ಕೆ ಹಿಡಿದರೆ ಅದು ಬರೀ ಕಷ್ಟ. ರಮಾಬಾಯಿ ಅದನ್ನು ದೇವರ ಚಿತ್ತವೆಂದು ತಲೆಬಾಗಿ ಸ್ವೀಕರಿಸಿದವರೂ ಅಲ್ಲ. 1897ರಲ್ಲಿ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹುಡುಗಿಯರಿಗೆ ರಕ್ಷಣೆಯಿಲ್ಲವೆಂದು ಸರ್ಕಾರದ ವಿರುದ್ಧ ಪತ್ರಿಕೆಗೇ ಬರೆದರು. ಮುಕ್ತಿಯಲ್ಲಿ ಬಾವಿ ತೋಡಿಸಿದರು. ಮಗ್ಗ, ಎಣ್ಣೆಗಾಣ, ಅಚ್ಚುಕೂಟ ನಡೆಸಿದರು. ಕುರುಡರಿಗೆ ಬ್ರೈಲ್ ಕಲಿಸಿದರು. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಮಿಕ್ಕಿ ಜನರಿಗೆ ದಿನವೂ ಅಡುಗೆಯಾಗಬೇಕಿತ್ತು. ಆಕೆಯ ಬಲ ಎಲ್ಲಿತ್ತೆಂದು ಹುಡುಕುವವರು ಆ ಒಲೆಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

1921ರಲ್ಲಿ ಮನೋರಮಾ ತೀರಿಕೊಂಡರು. ಸಂಸ್ಥೆಯನ್ನು ಕೈಗೆ ಒಪ್ಪಿಸಬೇಕೆಂದಿದ್ದ ಒಬ್ಬಳೇ ಮಗಳು. ತಾಯಿ ಹೀಬ್ರೂ, ಗ್ರೀಕ್ ಕಲಿತು ವರ್ಷಗಟ್ಟಲೆ ಮಾಡುತ್ತಿದ್ದ ಮರಾಠಿ ಬೈಬಲ್ಲಿನ ಕೆಲಸ ಇನ್ನೂ ಬಾಕಿಯಿತ್ತು. ಹೊಸದಾಗಿ ಓದು ಕಲಿತ ಹೆಂಗಸಿಗೂ ತಿಳಿಯುವಂತಿರಬೇಕೆಂದು ಸರಳ ಮಾತುಗಳನ್ನೇ ಆರಿಸಿದ ಅನುವಾದ ಅದು. ಅದನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಆಕೆಯೂ ಹೋದರು. ಅಚ್ಚಿನ ಮೊಳೆ ಜೋಡಿಸಿದವರು ಮುಕ್ತಿಯ ಹೆಂಗಸರೇ.